ಹೆಬ್ಬೆರಳಿಗೆ ತೊಟ್ಟಿಲ ಹಗ್ಗ

ಮನುಷ್ಯನ ಮೈಯೊಳಗೆ ಮಲಗಿರುವ ಮದ್ದನ್ನು ಹೊರಗಿನಿಂದ ಕೂಗಿ ಎಬ್ಬಿಸಬಹುದು ಎಂದು ಡಾಕ್ಟರ್ ಶಾಹಿದಾ ಬಾಗವಾನ ಅವರು ನಮ್ಮ ನೇಕಾರ ಓಣಿಗೆ ಬಂದು ಹೇಳಿದ ದಿನ ಯಾರೂ ನಂಬಲಿಲ್ಲ. ಆಗ ಗುಳೇದಗುಡ್ಡಕ್ಕೆ ನೂಲು ತರುವ ಗಾಡಿಗಳು ಡ್ರೈವರ್ ಇಲ್ಲದೆ ತಾವೇ ಓಡಾಡುತ್ತಿದ್ದವು. ಅದನ್ನು ನಾವು ನಂಬಿದ್ದೆವು, ಕಣ್ಣಿಗೆ ಕಾಣುತ್ತಿತ್ತಲ್ಲ. ಇದು ಕಾಣದ ಸಂಗತಿ.

ಡಾಕ್ಟರು ಕಟ್ಟೆಯ ಮೇಲೆ ನಮ್ಮ ಜೊತೆಗೇ ಕೂತು, ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತ ಹೇಳಿದರು.

"ಮೂತ್ರಪಿಂಡ ಅದಾವಲ್ರಿ, ಅವುಗಳ ತಲಿ ಮ್ಯಾಲ ಟೊಪಿಗಿ ಇಟ್ಟಂಗ ಒಂದೊಂದು ಸಣ್ಣ ಗ್ರಂಥಿ ಇರ್ತಾವು. ಮೈಯಾಗಿನ ಉರಿ ಆರಿಸೋ ರಸ ಮಾಡೂದು ಅವು. ಆದರ ತಾವಾಗೇ ಮಾಡೂದಿಲ್ಲ. ಮಿದುಳಿನ ಬುಡದಿಂದ ಇನ್ನೊಂದು ಹಾರ್ಮೋನು ಬಂದು, ಏಳ್ರಿ ಕೆಲಸಕ್ಕ ಹತ್ರಿ ಅಂತ ಕೂಗಬೇಕು. ಆ ಕೂಗೋ ಹಾರ್ಮೋನನ್ನ ನಾವು ಈ ಪಟ್ಟಿಯೊಳಗ ತುಂಬೀವಿ."

"ಅಂದ್ರ ಒಳಗ ಮಲಗಿದವರನ್ನ ಹೊರಗಿನಿಂದ ಬಾಗಲಾ ಬಡದು ಎಬ್ಬಸೂದು?" ಎಂದಳು ಎದುರುಮನೆಯ ಅಂಬಕ್ಕ. "ನನ್ನ ಗಂಡನ್ನೂ ಎಬ್ಬಸ್ತೈತೇನ್ರಿ ಅದು?"

ಓಣಿಯೆಲ್ಲ ನಕ್ಕಿತು. ಡಾಕ್ಟರೂ ನಕ್ಕರು. ಪಟ್ಟಿ ಎಂದರೆ ಕಾಲಿನ ಹರಡಿನ ಮೇಲೆ ಕಟ್ಟುವಂಥದ್ದು, ನಮ್ಮ ಸೀರೆಯ ಅಂಚಿನಷ್ಟು ಅಗಲ. ಚರ್ಮಕ್ಕೆ ತಾಗಿದ ಮಗ್ಗುಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಕೀಲು ಉರಿಯತೊಡಗಿದರೆ ಪಟ್ಟಿ ಕೆಂಪಾಗುತ್ತದೆ. ಆಗ ಕೇಂದ್ರದಿಂದ ಅಪ್ಪಣೆ ಕೊಟ್ಟರೆ ಹಾರ್ಮೋನು ಒಳಗೆ ಹೋಗುತ್ತದೆ. ಗ್ರಂಥಿ ಎದ್ದು ರಸ ಬಿಟ್ಟಿತೋ ಇಲ್ಲವೋ ಎಂಬುದನ್ನು ಪಟ್ಟಿಯೇ ಬೆವರು ನೋಡಿ ತಿಳಿಸುತ್ತದೆ.

ನಗುವ ಹೊತ್ತಿನಲ್ಲಿ ನಗದೇ ಇದ್ದವರು ನಮ್ಮ ಮನೆಯವರೊಬ್ಬರೇ. ಎಡಗಾಲು ನೀಡಿಕೊಂಡು ಕಂಬಕ್ಕೆ ಒರಗಿ ಕೂತಿದ್ದರು.

"ಡಾಕ್ಟರ," ಎಂದರು, "ನನ್ನ ಟೊಪಿಗಿ ಸತ್ತಿರಬೇಕ್ರಿ. ನಾನ ಕೊಂದೀನಿ."

ಅವರು ಹೇಳಿದ್ದು ಸುಳ್ಳಲ್ಲ. ಕುಪ್ಪಸಕ್ಕೆ ಬಳಸುವ ಕಣದ ಬಟ್ಟೆ ನೇಯುವ ನಮ್ಮ ಕುಣಿಮಗ್ಗದಲ್ಲಿ ನೇಕಾರ ನೆಲದ ಕುಣಿಯೊಳಗೆ ಕಾಲಿಳಿಸಿ ಕೂರುತ್ತಾನೆ. ನೂಲು ಒಣಗಿ ಹರಿಯಬಾರದೆಂದು ಕುಣಿಯೊಳಗೆ ನೀರು ಚಿಮುಕಿಸುತ್ತೇವೆ. ನೂಲಿಗೆ ತಂಪು ಒಳ್ಳೆಯದು, ಕಾಲಿಗಲ್ಲ. ರಕ್ತದಲ್ಲಿ ಯೂರಿಕ್ ಆಮ್ಲ ಜಾಸ್ತಿ ಇದ್ದವರಿಗೆ ಮೈಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ ಅದು ಸೂಜಿಯಂಥ ಹರಳಾಗಿ ಕೂರುತ್ತದಂತೆ. ನೇಕಾರನಿಗೆ ಆ ಜಾಗ ಕಾಲ ಹೆಬ್ಬೆರಳಿನ ಬುಡ. ನನ್ನ ಮಾವನವರಿಗೂ ಇದೇ ಇತ್ತು. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಅವರು ಸುಣ್ಣಬೆಲ್ಲ ಕಲಸಿ ಹಚ್ಚಿಕೊಂಡು ಪಡಸಾಲೆಯಲ್ಲಿ ಬಿದ್ದುಕೊಂಡಿರುತ್ತಿದ್ದರು. ಮಣ್ಣಿನ ನೆಲದ ಮೇಲೆ ನಾನು ಸ್ವಲ್ಪ ಜೋರಾಗಿ ನಡೆದರೂ ನೋವಿಗೆ ಚೀರುತ್ತಿದ್ದರು. ಗೆಜ್ಜೆ ಬಿಚ್ಚಿಟ್ಟವಳು ಆಮೇಲೆ ಹಾಕಿಕೊಳ್ಳಲೇ ಇಲ್ಲ.

ನಮ್ಮ ಮನೆಯವರ ಕಾಲಕ್ಕೆ ಔಷಧ ಬಂತು. ನೋವಿನ ಗುಳಿಗೆ ನುಂಗಿ ನುಂಗಿ ಮೂತ್ರಪಿಂಡ ಅರ್ಧ ಕೆಟ್ಟಿತು. ಆಮೇಲೆ ಓಣಿಯೊಳಗೆ ಬಿಳಿ ಗುಳಿಗೆ ಬಂತು. ಸಣ್ಣದು, ಜೀರಿಗೆ ಪೆಪ್ಪರಮಿಂಟಿನಷ್ಟು. ಒಬ್ಬರು ಔಷಧ ಅಂಗಡಿಯಿಂದ ತಂದರೆ ಓಣಿಯೆಲ್ಲ ಹಂಚಿಕೊಳ್ಳುತ್ತಿತ್ತು. ಉಪ್ಪು, ಸಕ್ಕರೆ, ಕರಿಬೇವು ಎದುರುಮನೆಯಿಂದ ಇಸಿದುಕೊಳ್ಳುವ ಹಾಗೆ ಅದನ್ನೂ ಇಸಿದುಕೊಳ್ಳುತ್ತಿದ್ದೆವು. ನುಂಗಿದರೆ ಮಧ್ಯಾಹ್ನಕ್ಕೆ ಮಗ್ಗಕ್ಕೆ ಇಳಿಯಬಹುದು. ಅದರೊಳಗಿರುವುದೂ ಉರಿ ಆರಿಸುವ ಹಾರ್ಮೋನೇ ಎಂದು ನಮಗೆ ಯಾರು ಹೇಳಬೇಕು? ಹೊರಗಿನಿಂದ ದಿನವೂ ಬರುತ್ತಿದ್ದರೆ ಒಳಗಿನ ಗ್ರಂಥಿ ತನಗೇನು ಕೆಲಸ ಎಂದು ಮಲಗಿಬಿಡುತ್ತದೆ. ವರ್ಷಗಟ್ಟಲೆ ಮಲಗಿದ್ದು ಎಬ್ಬಿಸಿದರೂ ಏಳುವುದಿಲ್ಲ. ಅಂಥವರು ಗುಳಿಗೆಯನ್ನು ಒಮ್ಮೆಲೆ ಬಿಟ್ಟರೆ ಒಂದು ಸಾದಾ ಜ್ವರಕ್ಕೂ ಜೀವ ಹೋಗಬಹುದು.

ಡಾಕ್ಟರು ನಮ್ಮ ಮನೆಯವರ ಮುಂದೆ ಕುಕ್ಕರಗಾಲಲ್ಲಿ ಕೂತು ಪಾದ ಮುಟ್ಟಿ ನೋಡಿದರು. "ಸತ್ತಿಲ್ಲ ಮಾಗುಂಡಪ್ಪ ಕಾಕಾ, ಮಲಗಿರಬಹುದು. ಬರ್ರಿ, ಕೂಗಿ ನೋಡೂಣು."

ಊರ ಹೊರಗೆ ಮುಚ್ಚಿಹೋಗಿದ್ದ ಹಳೆಯ ನೂಲಿನ ಗಿರಣಿಯೊಳಗೆ ಅವರ ಕೇಂದ್ರ. ಅಲ್ಲಿ ಬಿಳಿ ಗುಳಿಗೆಯನ್ನು ಸಾವಕಾಶ ಇಳಿಸುತ್ತ ಬಂದರು. ಕಡೆಗೆ ಉಳಿದದ್ದು ಜೀವ ಹಿಡಿದಿಡಲು ಬೇಕಾದಷ್ಟೇ, ಚೂರು. ಉರಿ ಎದ್ದರೆ ಅದು ಏನಕ್ಕೂ ಸಾಲದು. ಒಂದು ಮಾತನ್ನು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಚ್ಚಿ ಹೇಳಿದ್ದರು.

"ಮುಂದಿನ ಸಲ ಉರಿ ಎದ್ದಾಗ ಕೂಗ್ತೀವಿ. ಟೊಪಿಗಿ ಎದ್ರ ಪಟ್ಟಿ ನಿಮ್ಮ ಕಾಲಾಗ ಇರ್ತೈತಿ. ಏಳಲಿಲ್ಲಂದ್ರ ಪಟ್ಟಿ ತಗೀಬೇಕು ಅಂತ ಕೇಂದ್ರದ ಕಟ್ಟಳಿ. ಆಮ್ಯಾಲ ಮತ್ತ ಬಿಳಿ ಗುಳಿಗೀನೇ ಗತಿ, ಅದೂ ದೊಡ್ಡದು. ಅದನ್ನ ತಡಕೊಳ್ಳೋ ಎಲುಬು ನಿಮ್ಮ ಹತ್ರ ಉಳದಿಲ್ಲ ಕಾಕಾ. ಸುಳ್ಳು ಹೇಳಾಕ ಬರೂದಿಲ್ಲ ನನಗ."

"ತಿಳೀತ್ರಿ," ಎಂದರು ನಮ್ಮ ಮನೆಯವರು.

ಅವತ್ತಿನಿಂದ ನಮ್ಮ ಮನೆ ಕಾಯುವುದರಲ್ಲಿ ಬಿತ್ತು. ಓಣಿಯಲ್ಲಿ ಎಷ್ಟೋ ಮಂದಿ ಪಟ್ಟಿ ಕಟ್ಟಿಸಿಕೊಂಡಿದ್ದರು. ಹೆಂಗಸರು ಅದರ ಮೇಲೆ ಕಣದ ಚೂರು ಹೊಲಿದು ಚಂದ ಮಾಡಿಕೊಂಡರು. ಬೆಳಿಗ್ಗೆ ಎದುರಾದರೆ, ಚಹಾ ಆತೇನು ಎಂದು ಕೇಳುವ ಬದಲು, "ಟೊಪಿಗಿ ಎದ್ದೈತೇನು?" ಎಂದು ಕೇಳುವುದು ರೂಢಿಯಾಯಿತು. ಒಬ್ಬೊಬ್ಬರದೂ ಎದ್ದ ಸುದ್ದಿ ಬರುತ್ತಿತ್ತು.

ಇದರ ನಡುವೆ ಮಗನಿಗೆ ಹೆಣ್ಣುಕೂಸು ಹುಟ್ಟಿತು. ನಮ್ಮಲ್ಲಿ ತೊಟ್ಟಿಲು ಕಟ್ಟುವುದು ಮಗ್ಗದ ಪಕ್ಕದ ತೊಲೆಗೆ. ಅದರ ಹಗ್ಗದ ತುದಿಯನ್ನು ಕುಣಿಯೊಳಗೆ ಇಳಿಬಿಟ್ಟು ನೇಕಾರನ ಎಡಗಾಲ ಹೆಬ್ಬೆರಳಿಗೆ ಸಿಕ್ಕಿಸುತ್ತೇವೆ. ಅವನು ಮಗ್ಗದ ಕಾಲುಹಲಗೆ ತುಳಿದಾಗೊಮ್ಮೆ ತೊಟ್ಟಿಲು ತೂಗುತ್ತದೆ, ಲಾಳಿಯ ಸದ್ದಿಗೆ ಕೂಸು ಮಲಗುತ್ತದೆ. ನನ್ನ ಮಕ್ಕಳೆಲ್ಲ ಅಪ್ಪನ ಹೆಬ್ಬೆರಳಿನಿಂದಲೇ ತೂಗಿಸಿಕೊಂಡು ಬೆಳೆದವರು. ಮಗ ನೂಲಿಗೆ ಬಣ್ಣ ಹಾಕುವ ಮನೆಯ ಕೆಲಸಕ್ಕೆ ಹೋಗುತ್ತಿದ್ದ. ಹಾಗಾಗಿ ಮೊಮ್ಮಗಳ ಹಗ್ಗ ಅಜ್ಜನ ಪಾಲಿಗೆ ಬರಬೇಕಿತ್ತು. ಆದರೆ ಆ ಬೆರಳಿಗೆ ಗಾಳಿ ಸೋಕಿದರೂ ಆಗದು ಎಂಬಂತಿತ್ತು. ಸೊಸೆ ಸುವರ್ಣಾ ಹಗ್ಗವನ್ನು ಸುತ್ತಿ ತೊಲೆಯ ಗೂಟಕ್ಕೆ ಸಿಕ್ಕಿಸಿಟ್ಟಳು. ನಮ್ಮ ಮನೆಯವರು ಆ ಸುರುಳಿಯ ಕಡೆ ನೋಡುತ್ತಿರಲಿಲ್ಲ.

ಉರಿ ಎದ್ದದ್ದು ಒಂದು ಸೋಮವಾರ ನಸುಕಿನಲ್ಲಿ. ಹಿಂದಿನ ದಿನ ಬೀಗರ ಮನೆಯಲ್ಲಿ ಊಟವಿತ್ತು. ಎದ್ದು ನೋಡಿದರೆ ಹೆಬ್ಬೆರಳ ಬುಡ ಬದನೆಕಾಯಿಯ ಹಾಗೆ ನುಣ್ಣಗೆ ಮಿಂಚುತ್ತಿತ್ತು, ಪಟ್ಟಿ ಕೆಂಪಾಗಿತ್ತು. ನೂಲಿನ ಗಾಡಿ ಕರೆಸಿ, ಲಡಿಗಳ ಗಂಟಿನ ಮೇಲೆ ಅವರನ್ನು ಮಲಗಿಸಿದೆವು. ಓಣಿಯವರು ಹೊರಗೆ ಬಂದರು.

"ಕುರಿ ಕಾಲು ತಿಂದು ತನ್ನ ಕಾಲು ಕೆಡಿಸಿಕೊಂಡ ನೋಡು," ಎಂದ ಯಾರೋ ಒಬ್ಬ.

"ತಿಂದದ್ದು ಓಣಿಯೆಲ್ಲಾ," ನಮ್ಮ ಮನೆಯವರು ಹಲ್ಲು ಕಚ್ಚಿಕೊಂಡೇ ಹೇಳಿದರು, "ನೆನಪಿಟಗೊಂಡದ್ದು ನನ್ನ ಹೆಬ್ಬೆಟ್ಟು."

ಅಂಬಕ್ಕ ಓಡಿಬಂದು ನನ್ನ ಕೈಯೊಳಗೆ ಏನೋ ಒತ್ತಿದಳು. ಬಿಳಿ ಗುಳಿಗೆ. "ಇಟಗೋ ಕಾಶವ್ವಾ. ಡಾಕ್ಟರ ಮಾತು ಡಾಕ್ಟರಿಗೆ. ತಡಿಯಾಕ ಆಗಲಿಲ್ಲಂದ್ರ ಬಾಯಾಗ ಹಾಕಿಬಿಡು, ಯಾರು ನೋಡ್ತಾರ."

ಬೇಡ ಎನ್ನಲಾಗಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ದಾರಿಯ ಒಂದೊಂದು ಕುಣಿಗೂ ಅವರು, "ಸಾವಕಾಶ ಹೋಗೋ ಮಾರಾಯ," ಎಂದು ಕೂಗಿಕೊಳ್ಳುತ್ತಿದ್ದರು. ಗಾಡಿಯಲ್ಲಿ ಡ್ರೈವರ್ ಇಲ್ಲ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಕೇಂದ್ರದಲ್ಲಿ ಡಾಕ್ಟರು ಪಟ್ಟಿಯ ಮೇಲೆ ಕೈಯಿಟ್ಟು ಅಪ್ಪಣೆ ಕೊಟ್ಟರು. ಒಂದು ಸಣ್ಣ ಸದ್ದೂ ಆಗಲಿಲ್ಲ. "ಕೂಗಿ ಆತು ಕಾಕಾ," ಎಂದರು. "ಇನ್ನ ಕಾಯೂದು."

ಕಾಲಿನ ಮೇಲೆ ಹೊದಿಕೆ ತಾಗದಂತೆ ಬಿದಿರಿನ ಬುಟ್ಟಿಯೊಂದನ್ನು ಬೋರಲು ಹಾಕಿದ್ದರು. ಡಾಕ್ಟರು ಹೊರಗೆ ಹೋದ ಮೇಲೆ ನಮ್ಮ ಮನೆಯವರು ನನ್ನ ಸೆರಗಿನ ಕಡೆ ನೋಡಿದರು.

"ಗುಳಿಗಿ ತಂದೀಯಿಲ್ಲ?"

"ತಂದೀನಿ. ಕೊಡೂದಿಲ್ರಿ."

"ಹಂಗಾರ ಯಾಕ ತಂದಿ?"

"ಅಂಬಕ್ಕನ ಮನಸ್ಸು ನೋಯಬಾರದು ಅಂತ."

ನಗಲು ಹೋದರು, ನಗುವಿಗೆ ಮೈ ಕುಲುಕಿ ನೋವು ಹೆಚ್ಚಾಯಿತು, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸುವರ್ಣಾ ಬುತ್ತಿ ಹಿಡಿದು, ಕೂಸನ್ನು ಎತ್ತಿಕೊಂಡು ಬಂದಳು. ಮಂಚದ ಕಾಲ ಕಡೆಯ ಸರಳಿಗೂ ಕಿಟಕಿಗೂ ನಡುವೆ ಹಳೆಯ ಸೀರೆಯಿಂದ ಜೋಲಿ ಕಟ್ಟಿ ಕೂಸನ್ನು ಮಲಗಿಸಿದಳು. ನಮ್ಮ ಮನೆಯವರು ನನಗೆ ಹೇಳಿದರು: "ನೀ ಇಲ್ಲಿ ನನ್ನ ಮಾರಿ ನೋಡಕೋಂತ ಕೂಡಬ್ಯಾಡ. ಹೋಗು, ಆ ಡಾಕ್ಟರ ಬಾಜೂಕ ಕುಂತು ನನ್ನ ಗೆರಿ ನೋಡು. ನೀ ನೋಡಿದ್ರ ನನಗ ಧೈರ್ಯ."

ಗೆರೆಗಳ ಕೋಣೆ ಎಂದು ನಾವೆಲ್ಲ ಕರೆಯುತ್ತಿದ್ದೆವು. ಗೋಡೆಯ ತುಂಬ ಪರದೆ, ಪರದೆಯ ತುಂಬ ಗೆರೆಗಳು. ಒಂದೊಂದು ಗೆರೆ ಒಬ್ಬೊಬ್ಬ ಪಟ್ಟಿ ಕಟ್ಟಿದವರದು. ಮಗ್ಗಕ್ಕೆ ಏರಿಸಿದ ಹಾಸಿನ ಎಳೆಗಳನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತಿತ್ತು. ಗ್ರಂಥಿ ಎದ್ದವರ ಗೆರೆ ಗುಡ್ಡದಂತೆ ಏರಿ ಇಳಿಯುತ್ತಿತ್ತು. ಡಾಕ್ಟರು ಒಂದು ಎಳೆ ತೋರಿಸಿದರು. "ಇದು ಕಾಕಾಂದು."

ಅದು ನೆಲಕ್ಕೆ ಮಲಗಿತ್ತು.

ಕೂತೆವು. ಬಿಸಿಲು ಗಿರಣಿಯ ಮೇಲುಗಿಂಡಿಯಿಂದ ಇಳಿದು ನೆಲದ ಮೇಲೆ ಸರಿಯತೊಡಗಿತು. ನಾನು ಕಣ್ಣು ಕೀಳಲಿಲ್ಲ. ಜೀವನವಿಡೀ ಎಳೆ ನೋಡಿಯೇ ಬದುಕಿದವಳು, ನೋಡುವುದರಲ್ಲಿ ದಣಿವಿಲ್ಲ. ಆದರೆ ಈ ಎಳೆ ಅಲುಗಲೇ ಇಲ್ಲ.

"ನಮ್ಮ ಅಪ್ಪ ಬಸ್ ಓಡಸ್ತಿದ್ರು ಕಾಕು," ಡಾಕ್ಟರು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. "ಅವರಿಗೂ ಇದ. ಕ್ಲಚ್ ತುಳಿಯೋ ಕಾಲು. ಕಡೀಕ ಆ ಕಾಲಿಂದಾನ ನೌಕರಿ ಬಿಟ್ರು. ಮನ್ಯಾಗ ಕುಂತರೂ ಕಾಲು ಮಾತ್ರ ಒತ್ತಿ ಒತ್ತಿ ಬಿಡ್ತಿತ್ತು, ಬಸ್ ನಡಸೋರಂಗ."

"ಈಗ ಅದಾರೇನವ್ವಾ?"

"ಇಲ್ರಿ."

ಚಹಾ ಬಂತು, ಆರಿತು. ಪಕ್ಕದ ಗೆರೆಯೊಂದು ಏರಿ ಇಳಿದೂ ಆಯಿತು. ಬಿಸಿಲು ಗೋಡೆ ಮುಟ್ಟಿದಾಗ ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿದರು. ನನ್ನ ಕೈ ಹಿಡಿದುಕೊಂಡರು.

"ಕಾಕು, ಏಳಬೇಕಾದ ಹೊತ್ತು ಮೀರಿತು. ಟೊಪಿಗಿ ಏಳಲಿಲ್ಲ."

ಅವರ ಕೈಯೇ ನನ್ನ ಕೈಗಿಂತ ತಣ್ಣಗಿತ್ತು.

"ಪಟ್ಟಿ ತಗದು, ಗುಳಿಗಿ ಶುರು ಮಾಡೂಣು. ನಾನ ಹೇಳ್ತೀನಿ ಅವರಿಗೆ. ನೀವು ಹೇಳಬ್ಯಾಡ್ರಿ."

ಇಬ್ಬರೂ ಎದ್ದೆವು. ವಾರ್ಡಿನ ತನಕದ ದಾರಿ ಉದ್ದವಾಗಿತ್ತು. ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಕಿರ್, ಕಿರ್ ಎಂದು ಸದ್ದು ಬರುತ್ತಿತ್ತು. ಮಂಚದ ಸರಳಿನ ಸದ್ದು.

ಬುತ್ತಿಯ ಡಬ್ಬಿ ತೊಳೆಯಲು ಹೊರಗೆ ಹೋದ ಸುವರ್ಣಾ ಇನ್ನೂ ಬಂದಿರಲಿಲ್ಲ. ಬಿದಿರಿನ ಬುಟ್ಟಿ ನೆಲದ ಮೇಲೆ ಉರುಳಿಬಿದ್ದಿತ್ತು. ನಮ್ಮ ಮನೆಯವರು ಕಣ್ಣು ಮುಚ್ಚಿ ಮಲಗಿದ್ದರು. ಜೋಲಿಯಿಂದ ಇಳಿಬಿದ್ದ ಸೀರೆಯ ಅಂಚು ಅವರ ಎಡಗಾಲ ಹೆಬ್ಬೆರಳಿಗೆ ಸಿಕ್ಕಿಕೊಂಡಿತ್ತು. ಕಾಲು ಒತ್ತುತ್ತಿತ್ತು, ಬಿಡುತ್ತಿತ್ತು. ಮಗ್ಗದ ಲಯದಲ್ಲೇ ಜೋಲಿ ತೂಗುತ್ತಿತ್ತು.

ಡಾಕ್ಟರು ಬಾಗಿಲಲ್ಲೇ ನಿಂತುಬಿಟ್ಟರು.

"ಕಾಕಾ," ಎಂದರು ಮೆಲ್ಲಗೆ. "ಆ ಬೆರಳು."

ನಮ್ಮ ಮನೆಯವರು ಕಣ್ಣು ತೆರೆದು ತಮ್ಮ ಕಾಲನ್ನು ತಾವೇ ನೋಡಿದರು, ಬೇರೆ ಯಾರದೋ ಕಾಲು ಎಂಬಂತೆ. "ಕೂಸು ಅಳಾಕತ್ತಿತ್ರಿ. ಸುವರ್ಣಾ ಇರಲಿಲ್ಲ. ಕಾಲು ತಾನ ಹೋತು. ಹೋದ ಮ್ಯಾಲ ಗೊತ್ತಾತು, ನೋವಾಗವಲ್ದು ಅಂತ. ನಿಲ್ಲಸಿದ್ರ ಎಲ್ಲಿ ಮತ್ತ ನೋವು ಬರ್ತೈತೋ ಅಂತ ನಿಲ್ಲಸಲಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ಕಾಕು, ಖರೇ ಹೇಳ್ರಿ. ಬಿಳಿ ಗುಳಿಗಿ ಕೊಟ್ರೇನು?"

ಸೆರಗಿನ ಗಂಟನ್ನು ಬಿಚ್ಚಿ ಕೈ ಚಾಚಿದೆ. ಗುಳಿಗೆ ಹಾಗೇ ಇತ್ತು, ಬೆವರಿಗೆ ಒಂದು ಮಗ್ಗುಲು ತುಸು ಕರಗಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆದರೂ ರಕ್ತ ತೆಗೆದುಕೊಂಡು ಹೋದರು. ಅವರ ಕೆಲಸ ಅದು. ಸ್ವಲ್ಪ ಹೊತ್ತಿಗೆ ಓಡುತ್ತ ಬಂದರು. ಡಾಕ್ಟರು ಓಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ನಮ್ಮ ಮನೆಯವರು ದಿನಾ ನುಂಗುವ ಆ ಚೂರನ್ನು ಬಿಟ್ಟರೆ ರಕ್ತದಲ್ಲಿ ಬೇರೆ ಗುಳಿಗೆಯ ಗುರುತೇ ಇರಲಿಲ್ಲ. ಗ್ರಂಥಿಯೂ ಎದ್ದಿರಲಿಲ್ಲ. ಉರಿ ಮಾತ್ರ ಆರುತ್ತಿತ್ತು.

ಡಾಕ್ಟರು ಮಂಚದ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

"ಹಿಂದ ಯಾರೋ ಬರದಿದ್ರು ಕಾಕು, ಆ ಗ್ರಂಥಿ ತಗದಿಟ್ಟ ಇಲಿಗೋಳೊಳಗೂ ಕೀಲಿನ ಉರಿ ಆರಿತ್ತು ಅಂತ. ಓದಿದ್ದೆ. ಆದ್ರೂ ಗೆರೀನ ನಂಬಕೊಂಡು ಕುಂತೆ." ಉಸಿರು ತೆಗೆದುಕೊಂಡರು. "ಆ ಕೂಗೋ ಹಾರ್ಮೋನು ಟೊಪಿಗಿ ಹತ್ರ ಅಷ್ಟ ಹೋಗೂದಿಲ್ಲ. ಉರಿಯೋ ಕೀಲಿನ್ಯಾಗ ಜಗಳಕ್ಕ ನಿಂತ ಜೀವಕಣ ಇರ್ತಾವಲ್ರಿ, ಅವಕ್ಕೂ ಆ ಕೂಗು ಕೇಳಸ್ತೈತಿ. ಕೇಳಿ, ಸಾಕು ಮಾಡ್ರಿ ಅಂದಂಗ ತಣ್ಣಗ ಆಗ್ತಾವು. ನಾವು ಬಾಗಲಾ ಬಡದದ್ದು ಒಂದು ಮನೀದು. ಆ ಮನಿಯವರು ಏಳಲಿಲ್ಲ. ಎದ್ದು ಬಂದವರು ಎದುರುಮನಿಯವರು."

"ಅಂಬಕ್ಕ," ಎಂದರು ನಮ್ಮ ಮನೆಯವರು ಮಂಚದಿಂದ. "ಆಕೀಗಿ ಯಾವಾಗಲೂ ಕಿವಿ ಚುರುಕು."

ಎಲ್ಲರೂ ನಕ್ಕೆವು. ಈ ಸಲ ನಕ್ಕಾಗ ಅವರ ಮೈ ಕುಲುಕಿದರೂ ನೋವಾಗಲಿಲ್ಲ. ಜೋಲಿಯೊಳಗೆ ಕೂಸು ಒಮ್ಮೆ ಮುಲುಕಿ ಸುಮ್ಮನಾಯಿತು. ನಾನು ಗೋಡೆ ಹಿಡಿದು ಕೂತೆ. ಅಷ್ಟು ಹೊತ್ತು ನಿಂತೇ ಇದ್ದೆನೆಂದು ಆಗಲೇ ಗೊತ್ತಾದದ್ದು.

ಪಟ್ಟಿ ತೆಗೆಯಲಿಲ್ಲ. ಕೇಂದ್ರದ ಕಟ್ಟಳೆ ಬದಲಾಗಲು ಡಾಕ್ಟರು ಬಹಳ ಮಂದಿಯ ಜೊತೆ ವಾದ ಮಾಡಬೇಕಾಯಿತಂತೆ. ಅದನ್ನು ಅವರು ನಮಗೆ ಹೇಳಲಿಲ್ಲ, ಬೇರೆಯವರಿಂದ ಕೇಳಿದೆ. ಆಮೇಲೆ ನಮ್ಮ ಮನೆಯವರಂಥ ಎಷ್ಟೋ ಮಂದಿಯನ್ನು, ಟೊಪ್ಪಿಗೆ ಮಲಗಿದವರನ್ನು, ಮತ್ತೆ ಕರೆಸಿ ಪಟ್ಟಿ ಕಟ್ಟಿದರು. ಎಲ್ಲರಿಗೂ ಗುಣವಾಯಿತು ಎನ್ನಲಾರೆ. ಬಹಳ ಜನಕ್ಕೆ ಆಯಿತು. ಈಗ ಗೆರೆಗಳ ಕೋಣೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಗೆರೆ. ಒಂದು ಬೆವರಿನದು, ಇನ್ನೊಂದು ಕಾಲಿನ ಚಲನೆಯದು. ಗೆರೆಯಲ್ಲಿ ಏನಾದರೂ ಏರುಪೇರು ಕಂಡರೆ ಡಾಕ್ಟರು ಅಲ್ಲಿಂದಲೇ ಪಟ್ಟಿಯೊಳಗಿನಿಂದ ಮಾತಾಡುತ್ತಾರೆ. ನಮ್ಮ ಮನೆಯವರ ಮೊದಲ ಗೆರೆ ಇವತ್ತಿಗೂ ಹೆಚ್ಚುಕಡಿಮೆ ನೆಲದ ಮೇಲೇ ಇದೆ. ಆಗಾಗ ಒಂದು ಎಳೆಯಷ್ಟು ಎತ್ತರಕ್ಕೆ ಏಳುತ್ತದೆ ಎನ್ನುತ್ತಾರೆ ಡಾಕ್ಟರು. ಎದ್ದರೆ ಏಳಲಿ, ನಮಗೆ ಅವಸರವಿಲ್ಲ. ಜೀವ ಕಾಯುವ ಆ ಚೂರು ಗುಳಿಗೆ ನಡೆದೇ ಇದೆ. ಕುಣಿಯ ತಳಕ್ಕೆ ಮರದ ಹಲಗೆ ಹಾಸಿದ್ದೇವೆ, ಕಾಲು ಬೆಚ್ಚಗಿರಲೆಂದು.

ಹೋದ ವಾರ ಮಧ್ಯಾಹ್ನ ನಾನು ರಾಟೆಯ ಮುಂದೆ ಕೂತು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆ. ಅವರು ಕುಣಿಯಲ್ಲಿದ್ದರು. ಗೂಟದ ಮೇಲಿನ ಸುರುಳಿ ಎಂದೋ ಬಿಚ್ಚಿಹೋಗಿತ್ತು. ಹಗ್ಗದ ತುದಿ ಎಲ್ಲಿರಬೇಕೋ ಅಲ್ಲಿತ್ತು. ಲಾಳಿ ಓಡುತ್ತಿತ್ತು, ತೊಟ್ಟಿಲು ತೂಗುತ್ತಿತ್ತು. ಆಮೇಲೆ ಲಾಳಿಯ ಸದ್ದು ನಿಂತಿತು. ಪಟ್ಟಿಯೊಳಗಿನಿಂದ ಡಾಕ್ಟರ ದನಿ ಬಂತು, ಗಾಬರಿಯದು.

"ಕಾಕಾ, ಏನಾತ್ರಿ? ನಿಮ್ಮ ಕಾಲಿನ ಗೆರಿ ನೆಲಕ್ಕ ಮಲಗೇತಲ್ಲ?"

ನಮ್ಮ ಮನೆಯವರು ತುಟಿಯ ಮೇಲೆ ಬೆರಳಿಟ್ಟುಕೊಂಡರು. ಡಾಕ್ಟರಿಗೆ ಅದು ಕಾಣುವುದಿಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ. ಬಗ್ಗಿ ಹೆಬ್ಬೆರಳಿನಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿದರು.

"ಸಾವಕಾಶ ಮಾತಾಡವಾ," ಎಂದರು. "ಕೂಸು ಮಲಗೇತಿ."